ನಕ್ಷೆಯಲ್ಲಿ ಸಣ್ಣವಳ ವೃತ್ತ

ಸಣ್ಣವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನ ವಸ್ತುಪ್ರದರ್ಶನಕ್ಕೆ ನವಿಲುತೀರ್ಥದ ಅಣೆಕಟ್ಟು ಮಾಡುವುದೆಂದು ಮೊದಲು ಮಾತಾಗಿತ್ತು. ಥರ್ಮಾಕೋಲ್ ತಂದಿದ್ದೆವು, ನೀಲಿ ಬಣ್ಣ ತಂದಿದ್ದೆವು, ಗೇಟುಗಳಿಗೆಂದು ನಾನು ಖಾಲಿ ಬೆಂಕಿಪೊಟ್ಟಣಗಳನ್ನು ಒಂದು ತಿಂಗಳಿನಿಂದ ಕೂಡಿಟ್ಟಿದ್ದೆ. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳು ಚೀಲ ಇಳಿಸುತ್ತಲೇ, "ಅವ್ವಾ, ಡ್ಯಾಮ್ ಬ್ಯಾಡ. ಅಕ್ಕನ ಬ್ಯಾನಿ ಮ್ಯಾಲೆ ಮಾಡತೇನಿ. ಟೀಚರ್ ಹೂಂ ಅಂದಾರ," ಎಂದಳು.

ನಾನು ಜೋಳದ ಹಿಟ್ಟು ಸಾಣಿಸುತ್ತಿದ್ದೆ. ಸಾಣಿಗೆ ಕೈಯಲ್ಲೇ ಇತ್ತು, ಹಿಟ್ಟು ಬೀಳುವುದು ಮಾತ್ರ ನಿಂತಿತು. ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದ ನನ್ನ ಅತ್ತೆ, ಆಯಿ, ನನಗಿಂತ ಮೊದಲು ಬಾಯಿ ಬಿಟ್ಟಳು.

"ಅಣಿಕಟ್ಟು ಮಾಡಿದ್ರ ನೋಡಾಕ ಬಂದವರು ಛಲೋ ಐತಿ ಅಂತಾರ. ಬ್ಯಾನಿ ತೋರಿಸಿದ್ರ ಏನಂತಾರ?"

"ಅಣಿಕಟ್ಟು ಇನ್ನಾ ಮೂರು ಮಂದಿ ಮಾಡಾಕತ್ತಾರ, ಆಯಿ. ಒಬ್ಬಾಕೀದು ನಿನ್ನೇನ ಸೋರಿ ಹೆಡ್‌ಮಾಸ್ತರ ಟೇಬಲ್ ಮ್ಯಾಲೆಲ್ಲಾ ನೀರು."

"ಸೋರಲಿ. ನೀರು ಒರಸಾಕ ಬರತೈತಿ," ಎಂದಳು ಆಯಿ, ತಲೆ ಎತ್ತದೆ.

ದೊಡ್ಡವಳು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಹದಿನೈದು ತುಂಬಿ ಹದಿನಾರಕ್ಕೆ ಬಿದ್ದಿದ್ದಳು. ಬಹಳ ಅಪರೂಪದ ರೋಗ. ನಾವು ತಿನ್ನುವ ಕಾಳು, ಕಡಿ, ಕುಡಿಯುವ ನೀರು ಎಲ್ಲದರಲ್ಲೂ ಒಂದು ಚೂರು ತಾಮ್ರ ಇರುತ್ತದಂತೆ. ಎಲ್ಲರ ಮೈಯೂ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದೆ. ಹೊರಗೆ ಹಾಕುವ ಆ ಒಂದು ಕೆಲಸ ಆಕೆಯ ಮೈಗೆ ಹುಟ್ಟಿನಿಂದಲೇ ಬರುತ್ತಿರಲಿಲ್ಲ. ತಾಮ್ರ ಮೊದಲು ಲಿವರಿನಲ್ಲಿ, ಆಮೇಲೆ ಮೆದುಳಿನಲ್ಲಿ ಕೂತುಕೊಂಡಿತು. ಡಾಕ್ಟರು ಅದಕ್ಕೆ ಏನೋ ಪರದೇಶದ ಹೆಸರು ಹೇಳಿದರು. ನಮ್ಮ ಮನೆಯಲ್ಲಿ ಅದು ತಾಮ್ರದ ಬ್ಯಾನಿ.

ಮನೆಯ ಸಂಬಂಧವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಮನೋಳಿಯವಳು. ಕೊಟ್ಟದ್ದು ಬೈಲಹೊಂಗಲಕ್ಕೆ, ನನ್ನ ಅವ್ವನ ತಮ್ಮನಿಗೆ. ಹಾಗಾಗಿ ಆಯಿ ನನಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಗಂಡನನ್ನು ಮಾಮಾ ಎಂದು ಕರೆಯುತ್ತಿದ್ದೆ, ಇಂದಿಗೂ ಹಾಗೇ ಕರೆಯುತ್ತೇನೆ. ಅವರು ಹತ್ತಿ ಜಿನ್ನಿಂಗಿನಲ್ಲಿ ಕೆಲಸ ಮಾಡುತ್ತಾರೆ, ಸಂಜೆ ಬಂದಾಗ ರೆಪ್ಪೆಗೂದಲಿನ ಮೇಲೂ ಅರಳೆ ಕೂತಿರುತ್ತದೆ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಹೊಸದಲ್ಲ. ಹುಡುಗಿ ಹೊರಗಿನವರ ಕೈಗೆ ಬೀಳುವುದಿಲ್ಲ ಎಂಬ ಧೈರ್ಯ. ನನಗೂ ಆ ಧೈರ್ಯವಿತ್ತು. ಮದುವೆಯಾಗಿ ಬಂದ ದಿನ ನಾನು ಅಳಲೇ ಇಲ್ಲ, ಶಾಲೆಯ ಸೂಟಿಗೆ ಅಜ್ಜಿಯ ಮನೆಗೆ ಬಂದ ಹಾಗೆ ಬಂದೆ.

ಮರುವಾರ ವಿಜ್ಞಾನದ ಟೀಚರ್ ಮನೆಗೇ ಬಂದರು. ಸವದತ್ತಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹೆಣ್ಣುಮಗಳು. ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದರು, ಕುಡಿಯಲಿಲ್ಲ.

"ಅಕ್ಕಾರ, ನಿಮಗ ತ್ರಾಸ ಆಗೂದಾದ್ರ ಈಗ ಹೇಳಿಬಿಡ್ರಿ. ನಾ ಬ್ಯಾಡ ಅಂತೇನಿ. ಹುಡುಗಿ ಭಾಳ ಹಟ ಹಿಡದಾಳ."

"ಏನೇನ್ ಬೇಕಾಕ್ಕತಿ ಇದಕ?" ಎಂದು ಕೇಳಿದೆ.

"ರೋಗ ಯಾಕ ಬರತೈತಿ, ಲಕ್ಷಣ ಏನು, ಮನಿತನದಾಗ ಹೆಂಗ ಇಳಕೊಂಡ ಬರತೈತಿ, ಇಲಾಜು ಏನು. ನಾಕು ಚಾರ್ಟ್ ಆದ್ರ ಸಾಕ್ರಿ. ಹೆಸರು ಯಾರದೂ ಹಾಕೂದಿಲ್ಲ."

ನಾನು ಆಗಲಿ ಎಂದೆ. ಯಾಕೆ ಅಂದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ದೊಡ್ಡವಳ ಬಗ್ಗೆ ಎರಡು ವರ್ಷದಿಂದ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಶಾಲೆಯ ಕೆಲಸದ ನೆಪದಲ್ಲಾದರೂ ಆಕೆಯ ಮಾತು ಬರಲಿ ಎಂದು ಆಸೆಯಾಗಿತ್ತೇನೋ.

ಲಕ್ಷಣಗಳ ಚಾರ್ಟಿಗೆ ನನ್ನ ಕ್ಯಾಲೆಂಡರುಗಳು ಬೇಕಾದವು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲಿ ಸಣ್ಣ ಅಕ್ಷರದಲ್ಲಿ ಆ ದಿನದ್ದು ಬರೆದಿಡುವುದು ನನ್ನ ರೂಢಿ. ಸಿಲಿಂಡರ್ ಬಂದದ್ದು, ಹಾಲಿನವ ಬಾರದ್ದು, ಯಾರು ಊಟಕ್ಕಿದ್ದರು, ಯಾರಿಗೆ ಜ್ವರ. ಹಳೆಯವನ್ನು ಎಸೆಯುವುದಿಲ್ಲ, ಸುರುಳಿ ಮಾಡಿ ಅಟ್ಟದ ಮೇಲೆ ಇಡುತ್ತೇನೆ. ಒಂದು ಭಾನುವಾರ ಮಧ್ಯಾಹ್ನ ತಾಯಿ ಮಗಳು ಐದು ವರ್ಷದ ಕ್ಯಾಲೆಂಡರುಗಳನ್ನು ನೆಲದ ಮೇಲೆ ಹಾಸಿ ಕುಳಿತೆವು. ಅಂಚು ಸುರುಳಿಯಾಗದ ಹಾಗೆ ಡಬ್ಬಿಗಳನ್ನು ಇಟ್ಟೆವು. ನಾನು ಓದುತ್ತಾ ಹೋದೆ, ಆಕೆ ವಹಿಯಲ್ಲಿ ಬರೆದುಕೊಂಡಳು.

"ದೊಡ್ಡಾಕಿಗೆ ಕಾಮಣಿ. ಕಣ್ಣು ಹಳದಿ." ಆಗ ಆಕೆಗೆ ಹನ್ನೊಂದು. ಕಾಮಣಿ ಎಂದರೆ ನಮ್ಮಲ್ಲಿ ದವಾಖಾನೆಗೆ ಹೋಗುವವರು ಕಡಿಮೆ, ಎಲೆಯ ರಸ ಕೊಡುವವರ ಹತ್ತಿರ ಹೋಗುತ್ತಾರೆ. ನಾವೂ ಕಟಕೋಳದ ಕಡೆಯ ಒಂದು ಹಳ್ಳಿಗೆ ಹೋದೆವು. "ಔಷಧ ಮೂರನೇ ದಿನ. ಉಪ್ಪು ಎಣ್ಣಿ ಇಲ್ಲ." "ಇವತ್ತು ಕಣ್ಣು ಬೆಳ್ಳಗ." ಹಳದಿ ಇಳಿಯಿತು, ನಾವು ರೋಗ ಹೋಯಿತು ಎಂದುಕೊಂಡೆವು. ಔಷಧ ಕೊಟ್ಟವರು, ರಾತ್ರಿ ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಮುಂಜಾನೆ ಕುಡಿಸಿರಿ, ಹೊಟ್ಟೆಗೆ ತಂಪು ಎಂದಿದ್ದರು. ಅದು ಆಯಿಗೂ ಗೊತ್ತಿದ್ದ ಮಾತೇ. ಮೂರು ವರ್ಷ ನಾನು ಒಂದು ದಿನವೂ ತಪ್ಪಿಸಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಆ ತಂಬಿಗೆ ಫಳಫಳ ಹೊಳೆಯುತ್ತಿತ್ತು.

ರೋಗ ತಂಬಿಗೆಯಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು ಎಂದು ಬೆಳಗಾವಿಯ ಡಾಕ್ಟರು ಎರಡೆರಡು ಸಲ ಹೇಳಿದರು. ಆದರೆ ಆ ನೀರನ್ನು ಕೊಡಬಾರದಿತ್ತು ಎಂದೂ ಹೇಳಿದರು. ಮೊದಲಿನ ಮಾತು ನನಗೆ ಅರ್ಥವಾಗಿದೆ. ಎರಡನೆಯದು ಮಾತ್ರ ನೆನಪಿನಲ್ಲಿರುತ್ತದೆ.

"ಮುಂದ ಓದವ್ವಾ," ಎಂದಳು ಸಣ್ಣವಳು.

"ದೊಡ್ಡಾಕಿ ಕೈಯಾಗಿನ ಹಾಲಿನ ವಾಟಗ ಬಿತ್ತು." ಎರಡು ವಾರ ಬಿಟ್ಟು, "ಮತ್ತ ವಾಟಗ. ಬೈದೆ." ಅದರ ಮುಂದಿನ ತಿಂಗಳು, "ಸಾಲಿಯಿಂದ ಚೀಟಿ, ಅಕ್ಷರ ಕೆಟ್ಟಾವು ಅಂತ." "ಬಾಯಾಗ ಜೊಲ್ಲು ಸುರಿತೈತಿ ಅಂತ ತಂಗಿ ನಗ್ಯಾಡಿದ್ಲು, ಇಬ್ಬರೂ ಜಗಳ."

ಅದನ್ನು ಓದಬಾರದಿತ್ತು. ಓದಿಬಿಟ್ಟೆ. ಸಣ್ಣವಳು, "ಜೊಲ್ಲು ಬರೂದು, ಹದಿನಾಕನೇ ವಯಸ್ಸು," ಎಂದು ತಾನೇ ಹೇಳಿಕೊಂಡು ಬರೆದಳು.

ಎಲ್ಲವನ್ನೂ ನಾನೇ ನನ್ನ ಕೈಯಿಂದ ಬರೆದಿದ್ದೆ, ದಿನ ತಪ್ಪದೆ. ಸಿಲಿಂಡರಿನ ಪಕ್ಕದಲ್ಲಿ, ಹಾಲಿನವನ ಪಕ್ಕದಲ್ಲಿ. ಒಂದರ ಹಿಂದೆ ಒಂದು ಓದಿದರೆ ಶಾಲೆಯ ಹುಡುಗಿಗೂ ತಿಳಿಯುವ ಹಾಗಿತ್ತು. ನಾನು ಬರೆದೆ, ಹಾಳೆ ತಿರುವಿದೆ.

ನಕ್ಷೆಯ ಚಾರ್ಟು ಕೊನೆಯದು. ಮನೆತನದಲ್ಲಿ ರೋಗ ಇಳಿದುಕೊಂಡು ಬಂದ ಹಾದಿ ತೋರಿಸುವುದು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ರೋಗ ಬಂದವರದು ಪೂರ್ತಿ ಕಪ್ಪು. ತಮಗೆ ರೋಗವಿಲ್ಲದೆ ಅದನ್ನು ಹೊತ್ತವರದು ಅರ್ಧ ಕಪ್ಪು. ತೀರಿಕೊಂಡವರ ಮೇಲೆ ಒಂದು ಓರೆ ಗೆರೆ. ಸಣ್ಣವಳು ಪಡಸಾಲೆಯಲ್ಲಿ ಬೋರಲು ಮಲಗಿ ಬಿಡಿಸುತ್ತಿದ್ದರೆ ಆಯಿ ಬೇಳೆಯ ಮೊರ ಹಿಡಿದುಕೊಂಡೇ ಪಕ್ಕದಲ್ಲಿ ಬಂದು ಕುಳಿತಳು.

"ನನ್ನ ಸುತ್ತು ಯಾವುದು?"

"ಎಲ್ಲಾರಕಿಂತ ಮ್ಯಾಲಿಂದು. ಬಾಜೂಕ ಅಜ್ಜ."

"ನಮ್ಮಿಬ್ಬರ ನಡಕ ಒಂದ ಗೆರಿ ಹೊಡದೀದಿ. ನಿಮ್ಮವ್ವ ಅಪ್ಪಗ ಎರಡು ಯಾಕ?"

"ಅವರಿಬ್ಬರೂ ಒಂದ ಮನಿತನದವರು ಆಯಿ, ಅದಕ. ಹಂಗಿದ್ರ ಎರಡು ಗೆರಿ ಹೊಡೀಬೇಕು."

"ಒಂದ ಮನಿತನದವರಾದ್ರ ಏನಾತು?"

ಸಣ್ಣವಳು ಪೆನ್ಸಿಲಿನ ತುದಿಯಿಂದ ತೋರಿಸುತ್ತಾ ಹೋದಳು. "ನಿನ್ನಿಂದ ಇಲ್ಲಾ ಅಜ್ಜನಿಂದ ಈ ದೋಷ ಅಪ್ಪಗ ಬಂತು. ನಿನ್ನ ಮಗಳು ಮನೋಳಿ ಆಯಿಗೂ ಬಂತು. ಆಕಿಯಿಂದ ಅವ್ವಗ. ಒಂದ ಇದ್ರ ಏನೂ ಆಗೂದಿಲ್ಲ. ಅಪ್ಪಂದೊಂದು, ಅವ್ವಂದೊಂದು, ಎರಡೂ ಕೂಡಿ ಅಕ್ಕಗ ಬಂದ್ವು." ಆಮೇಲೆ ಆಯಿಯ ಮುಖ ನೋಡಿ, "ಯಾರ ತಪ್ಪೂ ಅಲ್ಲ ಆಯಿ. ಯಾರಿಗೂ ಗೊತ್ತಿರೂದಿಲ್ಲ ಇದು," ಎಂದಳು.

ಆಯಿ ಆ ಎರಡು ಗೆರೆಗಳ ಮೇಲೆ ಬೆರಳಾಡಿಸಿದಳು.

"ಹೊರಗಿನವರು ಕೇಳಾಕ ಬಂದಿದ್ರು ಇಕೀನ್ನ," ಎಂದಳು, ನನ್ನ ಕಡೆ ಗದ್ದ ಎತ್ತಿ. "ರಾಮದುರ್ಗದವರು. ಛಲೋ ಮಂದಿ. ನಾನ ಬ್ಯಾಡ ಅಂದೆ. ನನ್ನ ಕಣ್ಣ ಮುಂದ ಇರಲಿ ಅಂದೆ."

ಬೇಳೆಯ ಮೊರವನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದಳು. ಆ ಸಂಜೆ ಬೇಳೆ ನಾನೇ ಹಸನು ಮಾಡಿದೆ. ಮೊರ ಎತ್ತಿಕೊಳ್ಳಲು ಬಗ್ಗಿದಾಗಲೇ ನಕ್ಷೆಯ ಕೆಳಗಿನ ಸಾಲನ್ನು ಸರಿಯಾಗಿ ನೋಡಿದ್ದು. ಅಲ್ಲಿ ಎರಡು ವೃತ್ತಗಳಿದ್ದವು. ದೊಡ್ಡವಳದು ಕಪ್ಪು, ಮೇಲೆ ಓರೆ ಗೆರೆ. ಪಕ್ಕದ್ದು ಸಣ್ಣವಳದು. ಅದರೊಳಗೆ ಬಣ್ಣವಿರಲಿಲ್ಲ, ಪೆನ್ಸಿಲಿನಲ್ಲಿ ತೆಳ್ಳಗೆ ಒಂದು ಪ್ರಶ್ನೆಯ ಗುರುತು ಇತ್ತು.

"ಇದೇನು?"

"ಗೊತ್ತಿಲ್ಲಲಾ ಅವ್ವಾ ನಂದು. ನಾವು ನೋಡಿಸೇ ಇಲ್ಲ." ಆಕೆಯ ದನಿ ಎಂದಿನ ಹಾಗೇ ಇತ್ತು. ಎದ್ದು ಹೋಗಿ ತನ್ನ ಚೀಲದಿಂದ ಅಕ್ಕನ ಆಸ್ಪತ್ರೆಯ ಫೈಲು ತಂದಳು. ನಾನು ಅದನ್ನು ಟ್ರಂಕಿನ ತಳದಲ್ಲಿ, ದೊಡ್ಡವಳ ಲಂಗದ ಕೆಳಗೆ ಇಟ್ಟಿದ್ದೆ. ಪ್ರಾಜೆಕ್ಟಿಗೆ ಬೇಕೆಂದು ಯಾವಾಗಲೋ ತೆಗೆದಿದ್ದಳು. ಕೊನೆಯ ಹಾಳೆಯ ಇಂಗ್ಲಿಷಿನ ಒಂದು ಸಾಲಿನ ಕೆಳಗೆ ಬೆರಳಿಟ್ಟಳು. "ತಂಗೀಗೂ ಪರೀಕ್ಷಾ ಮಾಡಿಸ್ರಿ ಅಂತ ಬರದಾರ. ನಿನಗ ಗೊತ್ತಿತ್ತೇನು?"

ಗೊತ್ತಿತ್ತು. ಬರೆದದ್ದಷ್ಟೇ ಅಲ್ಲ, ಡಾಕ್ಟರು ನನ್ನನ್ನೂ ಮಾಮಾನನ್ನೂ ಕೂರಿಸಿಕೊಂಡು ಬಾಯಿಯಿಂದಲೇ ಹೇಳಿದ್ದರು. ಹುಟ್ಟುವ ಒಂದೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಇದು ಬರಬಹುದು, ಸಣ್ಣವಳನ್ನು ತಡಮಾಡದೆ ಕರೆದುಕೊಂಡು ಬನ್ನಿರಿ ಎಂದಿದ್ದರು. ಮೊದಲು ದೊಡ್ಡವಳ ಕಾರ್ಯ ಮುಗಿಯಲಿ ಎಂದೆವು. ಆಮೇಲೆ ಪರೀಕ್ಷೆ ಬಂತು, ಮಳೆಗಾಲ ಬಂತು, ಆಯಿ ಕಾಲು ಉಳುಕಿಸಿಕೊಂಡಳು. ನಿಜವೆಂದರೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತಲು ನನ್ನಿಂದಾಗಲಿಲ್ಲ. ಅದರ ಬದಲು ಮನೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಬಂದ್ ಮಾಡಿದೆ, ಎಳ್ಳು ಬಂದ್ ಮಾಡಿದೆ. ಅವುಗಳಲ್ಲಿ ತಾಮ್ರ ಹೆಚ್ಚು ಎಂದು ಕೇಳಿದ್ದೆ. ತಿಂಗಳಿಗೊಮ್ಮೆ ಸಣ್ಣವಳು ಶಾಲೆಗೆ ಹೋದ ಮೇಲೆ ಆಕೆಯ ಹಳೆಯ ವಹಿ ತೆಗೆದು ಅಕ್ಷರ ನೋಡುತ್ತಿದ್ದೆ. ದುಂಡಗೆ, ನೆಟ್ಟಗೆ ಇರುತ್ತಿದ್ದವು. ಇನ್ನೊಂದು ತಿಂಗಳು ನಡೆಯುತ್ತದೆ ಎಂದುಕೊಂಡು ಮುಚ್ಚಿಡುತ್ತಿದ್ದೆ.

"ಗೊತ್ತಿತ್ತು," ಎಂದೆ.

ಆಕೆ ಫೈಲು ಮುಚ್ಚಿದಳು. "ಅದಕ ಏನು ರೊಟ್ಟಿ ಜೋಡಿ ದಿನಾ ಮೊಸರು ಕಟ್ಟತಿದ್ದಿ. ನಾ ಹಿಂಡಿ ಮಾಡಾಕ ಬ್ಯಾಸರ ಅಂತ ತಿಳಕೊಂಡಿದ್ದೆ."

"ಸೋಮವಾರ ಬೆಳಗಾವಿಗೆ ಹೋಗೂಣು."

"ಸೋಮವಾರ ನಂದು ಗಣಿತ ಟೆಸ್ಟ್ ಐತಿ."

"ಇರಲಿ."

ಮಾಮಾ ಬಂದಾಗ ಊಟಕ್ಕೆ ಬಡಿಸುತ್ತಾ ಹೇಳಿದೆ. ಅವರು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಹಾಗೇ ಹಿಡಿದುಕೊಂಡಿದ್ದರು.

"ಆ ಚಾರ್ಟ್ ಸಾಲಿಗೆ ಒಯ್ಯೂದು ಬ್ಯಾಡ. ನಾಳೆ ಹುಡುಗಿಗೆ ವರ ನೋಡಾಕ ಹೋದ್ರ ಮಂದಿ ಇದನ್ನ ಆಡಿಕೋತಾರ."

"ವರ ನೋಡಾಕ ಹುಡುಗಿ ಇರಬೇಕಲ್ಲ, ಮಾಮಾ."

ಅವರಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ರೊಟ್ಟಿಯನ್ನು ತಾಟಿನಲ್ಲಿಟ್ಟು, "ಇಕಿಗೂ ಐತಿ ಅಂದ್ರ ನಾ ಎಲ್ಲಿ ಹೋಗ್ಲಿ?" ಎಂದರು. ಸಿಟ್ಟಿನ ದನಿಯಲ್ಲ. ನಿಜವಾಗಿ ಜಾಗ ಕೇಳುವವರ ಹಾಗೆ. ಸೋಮವಾರ ಜಿನ್ನಿಂಗಿಗೆ ಸೂಟಿ ಹಾಕಿ ನಮ್ಮ ಜೊತೆಯಲ್ಲೇ ಬಂದರು.

ಬೆಳಗಾವಿಯಲ್ಲಿ ಸಣ್ಣವಳ ಗದ್ದವನ್ನು ಒಂದು ಸ್ಟ್ಯಾಂಡಿನ ಮೇಲೆ ಇಡಿಸಿ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಕಣ್ಣಿನ ಕರಿಗುಡ್ಡೆಯ ಸುತ್ತ ಕಂದು ಬಣ್ಣದ ಉಂಗುರ ಇದೆಯೇ ಎಂದು ನೋಡುವುದು. ದೊಡ್ಡವಳಿಗೆ ಅದು ಇತ್ತು, ನಾವು ಆಕೆಯ ಕಣ್ಣಿಗೆ ಚೆಂದದ ಬಣ್ಣ ಬಂದಿದೆ ಎಂದುಕೊಂಡಿದ್ದೆವು. ಸಣ್ಣವಳಿಗೆ ಇರಲಿಲ್ಲ. ನನಗೆ ಅಲ್ಲೇ ಕೈಮುಗಿಯಬೇಕೆನಿಸಿತು. ಉಂಗುರ ಇಲ್ಲ ಎಂದರೆ ರೋಗ ಇಲ್ಲ ಎಂದಲ್ಲ ಎಂದು ಡಾಕ್ಟರು ರಕ್ತಕ್ಕೆ ಬರೆದರು. ಒಂದು ಇಡೀ ದಿನದ ಮೂತ್ರ ಹಿಡಿದಿಡಲು ಪ್ಲಾಸ್ಟಿಕ್ಕಿನ ಡಬ್ಬಿ ಕೊಟ್ಟರು. ಮರುದಿನ ಶಾಲೆ ತಪ್ಪಿಸಿ ಮನೆಯಲ್ಲಿರಿಸಿಕೊಂಡೆ. ಸಣ್ಣವಳು ಬಚ್ಚಲಿಗೆ ಹೋದಾಗಲೆಲ್ಲಾ ಆಯಿ ಹೊರಗಿನಿಂದ, "ಡಬ್ಬಿಗೆ ಹಾಕಿದೇನು?" ಎಂದು ಕೂಗುತ್ತಿದ್ದಳು.

"ಓಣಿಗೆಲ್ಲಾ ಕೇಳಿಸು, ಆಯಿ. ಪೇಪರಿನ್ಯಾಗ ಹಾಕಸು."

"ಹಾಕಸತೇನಿ. ಮೊದಲ ಡಬ್ಬಿಗೆ ಹಾಕು."

ಆ ದಿನ ಮನೆಯಲ್ಲಿ ನಗು ಇತ್ತು. ಕ್ಯಾಲೆಂಡರಿನಲ್ಲಿ ಅದನ್ನು ಬರೆದಿದ್ದೇನೆ.

ವಾರದ ಮೇಲೆ ಹೋದೆವು. ಡಾಕ್ಟರು ಕಾಗದಗಳನ್ನು ನೋಡಿ, ಮೊದಲು ಸಣ್ಣವಳ ಕಡೆಗೇ ತಿರುಗಿ ಹೇಳಿದರು.

"ನಿನಗೂ ಅದ, ಅವ್ವಿ. ಆದ್ರ ಹೆದರಬ್ಯಾಡ. ಲಿವರ್‌ಗೆ ಈಗಿನ್ನಾ ಸ್ವಲ್ಪ ತಾಗೇದ, ಅಷ್ಟ. ಗುಳಿಗಿ ದಿನಾ ತಗೋಬೇಕು, ಜೀವ ಇರೂತನಕ. ಒಂದ ದಿನಾನೂ ಬಿಡಂಗಿಲ್ಲ. ತಗೊಂಡ್ರ ಎಲ್ಲಾರಂಗ ಇರ್ತಿ, ಓದತಿ, ಕೆಲಸಾ ಮಾಡತಿ." ಆಮೇಲೆ ನಮ್ಮ ಕಡೆ, "ಛಲೋ ಹೊತ್ತಿನ್ಯಾಗ ಬಂದೀರಿ," ಎಂದರು.

ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ದೊಡ್ಡವಳನ್ನು ಕರೆದುಕೊಂಡು ಹೋದ ದಿನ ಇದೇ ಕುರ್ಚಿಯಲ್ಲಿ ಕುಳಿತು ಇದೇ ಡಾಕ್ಟರಿಂದ, "ಭಾಳ ತಡಾ ಮಾಡಿ ಬಂದೀರಿ," ಎಂದು ಕೇಳಿಸಿಕೊಂಡಿದ್ದೆ. ಗುಳಿಗೆ ಅವೇ. ಚೀಟಿಯ ಬಣ್ಣವೂ ಅದೇ. ಮಾಮಾ ಕರವಸ್ತ್ರದಿಂದ ಮುಖ ಒರಸಿಕೊಂಡು, ಒರಸಿಕೊಂಡು, ಕಡೆಗೆ ಅದನ್ನು ಮುಖದ ಮೇಲೆಯೇ ಹಿಡಿದುಕೊಂಡರು.

ಮನೆಗೆ ಬಂದು ಸಣ್ಣವಳು ಹಳೆಯ ನಕ್ಷೆ ಹರಿದು ಹೊಸ ಹಾಳೆ ಹಾಸಿದಳು. ಗೆರೆ ಹೊಡೆದುಕೊಟ್ಟವರು ಮಾಮಾ. ಎರಡು ಗೆರೆಯ ಜಾಗಕ್ಕೆ ಬಂದಾಗ ಪಟ್ಟಿ ಜಾರದ ಹಾಗೆ ಎಡಗೈಯಿಂದ ಒತ್ತಿ ಹಿಡಿದು ಹೊಡೆದರು. ತನ್ನ ವೃತ್ತಕ್ಕೆ ಕಪ್ಪು ತಾನೇ ತುಂಬಿದಳು. ನಾನು ಒಲೆಯ ಮುಂದೆ ಇದ್ದೆ, ನೋಡಲು ಹೋಗಲಿಲ್ಲ.

ಪ್ರದರ್ಶನ ಕಿತ್ತೂರಿನ ಒಂದು ಶಾಲೆಯಲ್ಲಿತ್ತು. ಜ್ವಾಲಾಮುಖಿ, ಹನಿ ನೀರಾವರಿ, ಅಣೆಕಟ್ಟು ಎರಡು. ನಮ್ಮವಳ ಮೇಜು ಕಿಟಕಿಯ ಹತ್ತಿರ. ನಾನು ಗೋಡೆಗೆ ಒರಗಿ ನಿಂತು ಕೇಳುತ್ತಿದ್ದೆ. ಬಂದವರಿಗೆಲ್ಲ ಒಂದೇ ಸಮ ಹೇಳುತ್ತಿದ್ದಳು. ಸಣ್ಣ ಮಕ್ಕಳಿಗೆ ಮತ್ತೆ ಮತ್ತೆ ಕಾಮಣಿ ಆದರೆ, ಅಕ್ಷರ ಕೆಟ್ಟರೆ, ಕೈ ನಡುಗಿದರೆ ದೊಡ್ಡ ಆಸ್ಪತ್ರೆಗೆ ತೋರಿಸಿರಿ. ಮನೆಯಲ್ಲಿ ಒಬ್ಬರಿಗೆ ಬಂದರೆ ಒಡಹುಟ್ಟಿದವರನ್ನು ತಕ್ಷಣ ಪರೀಕ್ಷೆ ಮಾಡಿಸಿರಿ. "ತಕ್ಷಣ" ಎನ್ನುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ನಂಬರು ಹಾಕಲು ಬಂದ ಹಿರಿಯ ಮಾಸ್ತರರು ಕನ್ನಡಕ ಏರಿಸಿ ನಕ್ಷೆ ನೋಡಿದರು.

"ಈ ಮನಿತನದ ಮಾಹಿತಿ ಎಲ್ಲಿಂದ ತಗೊಂಡಿ? ಪುಸ್ತಕದಾಗಿಂದೇನು?"

"ನಮ್ಮದ್ರಿ ಸರ್."

ಅವರು ಏನನ್ನೋ ಬರೆಯಲು ಹೋಗಿ ಬರೆಯಲಿಲ್ಲ. ಮುಂದಿನ ಮೇಜಿಗೂ ತಕ್ಷಣ ಹೋಗಲಿಲ್ಲ. ಬಹುಮಾನ ಹನಿ ನೀರಾವರಿಗೆ ಬಂತು.

ಬೈಲಹೊಂಗಲದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಟೀಚರ್ ಮುಂದೆ ಉಳಿದ ಹುಡುಗಿಯರ ಜೊತೆ ಕುಳಿತಿದ್ದರು. ಸಣ್ಣವಳು ಕಿಟಕಿಯ ಕಡೆ ಕುಳಿತು ಚಾರ್ಟುಗಳ ಸುರುಳಿಯನ್ನು ಕಾಲ ನಡುವೆ ನಿಲ್ಲಿಸಿಕೊಂಡಿದ್ದಳು. ಊರು ದಾಟಿದ ಮೇಲೆ, ಹೊರಗೆ ನೋಡುತ್ತಲೇ ಕೇಳಿದಳು.

"ಅಕ್ಕಗ ಕಾಮಣಿ ಆದಾಗ ಬೆಳಗಾವಿಗೆ ಒಯ್ದಿದ್ರ ಉಳೀತಿದ್ಲೇನು?"

ಗೊತ್ತಿಲ್ಲ ಎನ್ನಬಹುದಿತ್ತು. ದೇವರಿಗೆ ಬೇಕಾಗಿದ್ದಳು ಎನ್ನಬಹುದಿತ್ತು, ದೊಡ್ಡವಳ ಮಣ್ಣಿಗೆ ಬಂದವರೆಲ್ಲ ನನಗೆ ಹಾಗೇ ಹೇಳಿದ್ದರು. ಈ ಹುಡುಗಿಯಿಂದ ನಾನು ಎರಡು ವರ್ಷ ಒಂದು ಮಾತನ್ನು ಮುಚ್ಚಿಟ್ಟಿದ್ದೆ. ಅದರ ಬೆಲೆ ಈಗ ಆಕೆಯ ಲಿವರಿನಲ್ಲಿತ್ತು, ಸ್ವಲ್ಪವೇ ಆದರೂ.

"ಹೂಂ," ಎಂದೆ. "ಉಳೀತಿದ್ಲು."

ಆಕೆ ತಿರುಗಲಿಲ್ಲ. ಬಸ್ಸಿನಿಂದಿಳಿದು ಆಕೆ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆದಳು. ಯಾವಾಗಲೂ ನನ್ನ ಸೆರಗು ಹಿಡಿಯುವಷ್ಟು ಹತ್ತಿರ ನಡೆಯುವವಳು. ನಾನು ಕರೆಯಲಿಲ್ಲ. ಹತ್ತು ಹೆಜ್ಜೆ ಹಿಂದೆಯೇ ಬಂದೆ. ಆ ಹತ್ತು ಹೆಜ್ಜೆ ನನಗೆ ಸಲ್ಲಬೇಕಾದವೇ.

ಮನೆಯಲ್ಲಿ ಆಯಿ ಬಾಗಿಲು ತೆರೆದಳು. ಸಣ್ಣವಳು ಕೈಕಾಲು ತೊಳೆದು, ಯಾರೂ ಹೇಳದೆ ಸಂಜೆಯ ಗುಳಿಗೆ ತೆಗೆದುಕೊಂಡು ಅಡುಗೆಮನೆಗೆ ಬಂದಳು. ನಾನು ಸ್ಟೀಲಿನ ಲೋಟದಲ್ಲಿ ನೀರು ಕೊಟ್ಟೆ. ನನ್ನ ಮುಖ ನೋಡದೆ ಇಸಿದುಕೊಂಡಳು. ಗುಳಿಗೆ ನುಂಗಿ, ನೀರನ್ನು ಪೂರ್ತಿ ಕುಡಿದು, ಲೋಟವನ್ನು ನನ್ನ ಕೈಗೇ ತಿರುಗಿ ಕೊಟ್ಟಳು.